ನಾಲ್ಕು ಹಲ್ಲು ಜಾಸ್ತಿ

ದಿಬ್ಬದಲ್ಲಿ ಸೈಕಲ್ ತಳ್ಳಿಕೊಂಡು ಹೋಗುವ ಗಂಡಸರನ್ನು ಎಂದಾದರೂ ನಿಲ್ಲಿಸಿ ಮಾತನಾಡಿಸಿದ್ದೀರಾ? ಮಾತನಾಡಿಸಬೇಕು. ಇಷ್ಟು ಕಡಿಮೆ ದೂರದಲ್ಲಿ ಇಷ್ಟೊಂದು ಸುಳ್ಳು ಚುನಾವಣೆ ಕಾಲದಲ್ಲೂ ಸಿಗುವುದಿಲ್ಲ. "ಏನ್ ಸಾರ್, ಸೈಕಲ್ ಇಟ್ಕೊಂಡು ನಡ್ಕೊಂಡು ಹೋಗ್ತಿದೀರಲ್ಲ?" ಅಂದರೆ ಒಬ್ಬರು "ಪಂಚರ್ರೀ" ಅನ್ನುತ್ತಾರೆ. ಟೈರು ಒತ್ತಿ ನೋಡಿದರೆ ಬೆರಳು ನೋಯುವಷ್ಟು ಗಾಳಿ. ಇನ್ನೊಬ್ಬರು "ಡಾಕ್ಟ್ರು ದಿನಾ ನಡೀರಿ ಅಂದಿದಾರೆ" ಅನ್ನುತ್ತಾರೆ. ಆ ಡಾಕ್ಟ್ರು ದಿಬ್ಬದ ಬುಡದಿಂದ ನೆತ್ತಿಯವರೆಗೆ ಮಾತ್ರ ನಡೆಯಿರಿ, ಸಮತಟ್ಟು ಬಂದ ಕೂಡಲೇ ಹತ್ತಿ ಕೂತು ಬೆಲ್ ಹೊಡೆಯಿರಿ ಅಂತ ಚೀಟಿ ಬರೆದುಕೊಟ್ಟಿರಬೇಕು. ಮೂರನೆಯವರು ಇವರಿಬ್ಬರಿಗಿಂತ ಜಾಣರು. ನೀವು ಹತ್ತಿರ ಬರುವಷ್ಟರಲ್ಲಿ ಕುಕ್ಕರುಗಾಲಲ್ಲಿ ಕೂತು, ಚೈನು ಮುಟ್ಟಿ, ಮುಖ ಗಂಟುಹಾಕಿಕೊಂಡು "ಹ್ಞೂಂ" ಅನ್ನುತ್ತಾರೆ. ಏರು ಜಾಸ್ತಿ, ತುಳಿಯೋಕಾಗ್ತಿಲ್ಲ ಅನ್ನುವ ಸೀದಾ ಮಾತು ಮಾತ್ರ ಯಾರ ಬಾಯಲ್ಲೂ ಹೊರಡುವುದಿಲ್ಲ.

ಈ ಸಂಶೋಧನೆಗೆ ಬೆಂಗಳೂರಿನಲ್ಲಿ ಹನುಮಂತನಗರಕ್ಕಿಂತ ಒಳ್ಳೆಯ ಜಾಗವಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ ಅಂತ ಸ್ಕೂಲಲ್ಲಿ ಓದಿದ್ದೇವಷ್ಟೆ. ಆ 900 ಮೀಟರನ್ನೂ ಇಲ್ಲೊಂದೇ ಕಡೆ ಸುರಿದಿದ್ದಾರೋ ಏನೋ ಅನ್ನಿಸಿಬಿಡುತ್ತದೆ. ಒಂದು ಕಡೆ ರಾಮಾಂಜನೇಯ ಗುಡ್ಡ, ಇನ್ನೊಂದು ಕಡೆ ಕುಮಾರಸ್ವಾಮಿ ದೇವಸ್ಥಾನದ ಗುಡ್ಡ. ಎರಡರ ಸುತ್ತಲೂ ಮನೆಗಳು, ಮನೆಗಳ ನಡುವೆ ನೆಟ್ಟಗೆ ಮೇಲಕ್ಕೆ ಹೋಗುವ ಅಡ್ಡರಸ್ತೆಗಳು. ದೇವರು ಮೇಲೆ ಕೂತದ್ದು ಸರಿ, ಅದು ಅವನ ಅಭ್ಯಾಸ. ಆದರೆ ನಮ್ಮ ಅಕ್ಕ-ಭಾವ ಅಲ್ಲಿ ಸೈಟು ಯಾಕೆ ತೆಗೆದುಕೊಂಡರು ಅನ್ನುವುದು ಅವರ ಸೈಕಲ್ಲಿಗೆ ಇವತ್ತಿಗೂ ಅರ್ಥವಾಗಿಲ್ಲ.

ಭಾವನದು ಹಳೇ ಕಾಲದ ಕರೀ ಸೈಕಲ್. 28 ಇಂಚಿನ ಚಕ್ರ, ಕಂಬಿ ಬ್ರೇಕು, ಚೈನನ್ನು ಪೂರ್ತಿ ಮುಚ್ಚುವ ಗೇರ್‌ಕೇಸು, ನಾಲ್ಕು ತೆಂಗಿನಕಾಯಿ ಜೊತೆಗೆ ಒಬ್ಬ ಮೊಮ್ಮಗನನ್ನು ಹೊರುವ ಕ್ಯಾರಿಯರ್ರು. ಡಬಲ್ ರೈಡ್ ಹೋದರೆ, ರಾತ್ರಿ ಲೈಟಿಲ್ಲದೆ ಹೋದರೆ ಪೊಲೀಸಿನವರು ಹಿಡಿದು ಟೈರಿನ ಗಾಳಿ ಬಿಡುತ್ತಿದ್ದ ಕಾಲದಿಂದಲೂ ಇದು ಅವರ ಜೊತೆಗಿದೆ. ಬ್ಯಾಂಕಿನಿಂದ ರಿಟೈರ್ ಆದರೂ ಸೈಕಲ್ಲಿಗೆ ರಿಟೈರ್‌ಮೆಂಟ್ ಕೊಟ್ಟಿಲ್ಲ. ಗಾಂಧಿ ಬಜಾರಿಗೆ ಹೋಗುವಾಗ ಅವರನ್ನು ಹಿಡಿಯುವವರಿಲ್ಲ, ಇಳಿಜಾರು. ಬರುವಾಗ ಅವರ ಜೊತೆ ಯಾರು ಬೇಕಾದರೂ ಹರಟೆ ಹೊಡೆಯುತ್ತಾ ನಡೆದು ಬರಬಹುದು.

ಏರು ಹತ್ತದೇ ಇರುವುದಕ್ಕೆ ಭಾವ ಯಾರ ಯಾರ ಮೇಲೆ ದೂರು ಹಾಕಿಲ್ಲ! ಬೇರಿಂಗಿಗೆ ಎಣ್ಣೆ ಸಾಲದು ಅಂದರು, ಎಣ್ಣೆ ಬಿಟ್ಟಾಯಿತು. ಗಾಳಿ ಕಮ್ಮಿ ಅಂದರು, ಹೊಡೆಸಿದ್ದಾಯಿತು. ಓವರಾಯ್ಲಿಂಗ್ ಆಗಬೇಕು ಅಂದರು. ಸೈಕಲ್ಲನ್ನು ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಹೊಸ ಗೋಲಿ ಹಾಕಿ ಜೋಡಿಸಿದ್ದೂ ಆಯಿತು. ರಸ್ತೆಗೆ ಡಾಂಬರು ಹಾಕುವಾಗ ಮೊದಲಿಗಿಂತ ಎತ್ತರ ಮಾಡಿಬಿಟ್ಟರು ಅಂತಲೂ ಒಂದು ವಾದ ಹೂಡಿದರು. ಕಡೆಗೆ ಬೆಳಗಿನ ಉದ್ದಿನವಡೆಯ ಮೇಲೂ ಅಪವಾದ ಬಂತು. ಅಕ್ಕ ವಡೆ ನಿಲ್ಲಿಸಿದಳು, ಭಾವ ಅಪವಾದ ವಾಪಸ್ ತೆಗೆದುಕೊಂಡರು.

ಎಲ್ಲರನ್ನೂ ಕಟಕಟೆಗೆ ಹತ್ತಿಸಿದ ಈ ಮನುಷ್ಯ ನಿಜವಾದ ಅಪರಾಧಿಗಳನ್ನು ಕರೆದು ವಿಚಾರಿಸಲೇ ಇಲ್ಲ. ಅವರು ಇಬ್ಬರು. ಒಬ್ಬ ಮುಂದೆ, ಪೆಡಲಿನ ಜೊತೆ ತಿರುಗುವ ದೊಡ್ಡ ಹಲ್ಲುಚಕ್ರ. ಇನ್ನೊಬ್ಬ ಹಿಂದೆ, ಚಕ್ರದ ನಡುವೆ ಕೂತ ಫ್ರೀವೀಲು.

"ಭಾವ, ಹಲ್ಲು ಎಷ್ಟಿದೆ ಅಂತ ಎಣಿಸಿದೀರಾ?" ಅಂದೆ.

"ಏನಯ್ಯಾ, ನಾನು ಈ ಸೈಕಲ್ ತುಳಿಯೋಕೆ ಶುರು ಮಾಡಿದಾಗ ನೀನಿನ್ನೂ ಒಳಪೆಡಲ್ ಕಲೀತಿದ್ದೆ. ನನ್ನ ಹಲ್ಲು ಎಣಿಸೋಷ್ಟು ದೊಡ್ಡವನಾದ್ಯಾ?"

"ನಿಮ್ಮ ಹಲ್ಲಲ್ಲ ಭಾವ, ಸೈಕಲ್ದು."

ಅವರಿಗೆ ಗೊತ್ತಿರಲಿಲ್ಲ. ಅದರಲ್ಲಿ ಅವರೊಬ್ಬರದೇ ತಪ್ಪೇನೂ ಇಲ್ಲ. ತನ್ನ ನಕ್ಷತ್ರ-ಪಾದ, ಮಗಳ ಗಂಡನ ಸ್ಕೂಟರಿನ ಮೈಲೇಜು, ಪಕ್ಕದ ಮನೆಯವರ ಸಂಬಳ, ಹೀಗೆ ಎಲ್ಲ ಅಂಕಿಯನ್ನೂ ನಾಲಗೆ ತುದಿಯಲ್ಲಿ ಇಟ್ಟುಕೊಂಡ ಜನ ನಾವು. ಮೊಣಕಾಲನ್ನು ದಿನವೂ ಅರೆಯುವ ಎರಡು ಅಂಕಿಯನ್ನು ಮಾತ್ರ ಕೇಳುವುದಿಲ್ಲ. ಫ್ಯಾಕ್ಟರಿಯಿಂದ ಬಂದದ್ದು ಬ್ರಹ್ಮಲಿಪಿ ಅಂತ ಬಿಟ್ಟುಬಿಟ್ಟಿದ್ದೇವೆ. ಮನೆ ಬಾಗಿಲು ಯಾವ ದಿಕ್ಕಿಗಿದ್ದರೂ ಒಡೆದು ತಿರುಗಿಸುತ್ತೇವೆ, ಹೆಸರಿಗೆ ಇನ್ನೊಂದು ಅಕ್ಷರ ಸೇರಿಸಿಕೊಂಡು ಸಂಖ್ಯೆ ಸರಿಮಾಡಿಕೊಳ್ಳುತ್ತೇವೆ. ಫ್ರೀವೀಲಿನ ಸಂಖ್ಯೆ ತಿದ್ದಿದರೆ ಮಾತ್ರ ಅನಾಹುತವಾದೀತು ಅನ್ನುವ ಭಯ.

ಕೂತು ಎಣಿಸಿದೆವು. ಸೀಮೆಸುಣ್ಣದಲ್ಲಿ ಒಂದು ಹಲ್ಲಿಗೆ ಗುರುತು ಹಾಕಿ ಅಲ್ಲಿಂದ ಶುರು ಮಾಡಿದರೆ ತಪ್ಪುವುದಿಲ್ಲ. ಮುಂದೆ 44, ಹಿಂದೆ 18. ನಮ್ಮ ಕಡೆಯ ಕರೀ ಸೈಕಲ್ಲುಗಳಲ್ಲಿ ಮುಂದೆ ಸಾಮಾನ್ಯವಾಗಿ 44 ಇಲ್ಲವೇ 48 ಇರುತ್ತದೆ, ಹಿಂದೆ ಹೆಚ್ಚಾಗಿ 18. ಎಣಿಸಲು ಬೇಸರವಾದರೆ ಇನ್ನೊಂದು ದಾರಿಯಿದೆ. ಸೈಕಲ್ಲನ್ನು ಸ್ಟ್ಯಾಂಡ್ ಹಾಕಿ, ಹಿಂದಿನ ಚಕ್ರದ ಟ್ಯೂಬಿನ ಮೂತಿ ಕೆಳಗೆ ಬರುವಂತೆ ಇಟ್ಟುಕೊಂಡು, ಪೆಡಲನ್ನು ಕೈಯಲ್ಲಿ ಮೆಲ್ಲಗೆ ಸರಿಯಾಗಿ ಒಂದು ಸುತ್ತು ತಿರುಗಿಸಿ. ಮೂತಿ ಎರಡು ಸುತ್ತು ಬಂದು, ಮೂರನೆಯದರಲ್ಲಿ ಅರ್ಧಕ್ಕೆ ಸ್ವಲ್ಪ ಮುಂಚೆ ನಿಲ್ಲುತ್ತದೆ. 44ನ್ನು 18ರಿಂದ ಭಾಗಿಸಿದರೆ 2.44. ಆ ಚಕ್ರ ಒಂದು ಸುತ್ತು ಉರುಳಿದರೆ ಸುಮಾರು 2.2 ಮೀಟರ್. ಅಂದರೆ ಪೆಡಲ್ ಒಂದು ಸುತ್ತಿಗೆ ಭಾವ ಹೆಚ್ಚುಕಮ್ಮಿ ಐದೂವರೆ ಮೀಟರ್ ಮುಂದಕ್ಕೆ ಹೋಗುತ್ತಾರೆ.

ಸಮರಸ್ತೆಯಲ್ಲಿ ಇದು ಬಹಳ ಚೆಂದ. ಮದುವೆ ಊಟ ಮಾಡಿ ಬಂದವರ ಹಾಗೆ ನಿಧಾನಕ್ಕೆ, ನಿಮಿಷಕ್ಕೆ 60 ಸುತ್ತು ತುಳಿದರೂ ಗಂಟೆಗೆ 20 ಕಿಲೋಮೀಟರ್ ಹತ್ತಿರ ಹತ್ತಿರ ಓಡುತ್ತದೆ. ಏರಿನಲ್ಲಿ ಇದೇ ಲೆಕ್ಕ ಉಲ್ಟಾ ಹೊಡೆಯುತ್ತದೆ. 100 ಅಡಿ ಹೋದರೆ 8 ಅಡಿ ಮೇಲೇರುವ ರಸ್ತೆ ಅಂದುಕೊಳ್ಳಿ. ಭಾವ 70 ಕೇಜಿ, ಸೈಕಲ್ಲು 20 ಕೇಜಿ. (ತರಕಾರಿ ಚೀಲವನ್ನು ಸೇರಿಸಿಲ್ಲ, ಅಕ್ಕ ಓದುತ್ತಾಳೆ.) ಐದೂವರೆ ಮೀಟರಿಗೆ ಒಂದೇ ಸುತ್ತು ಅಂತಾದರೆ, ಪೆಡಲನ್ನು ಪ್ರತಿ ಸಲ ಮೇಲಿನಿಂದ ಕೆಳಗಿನವರೆಗೂ ಸುಮಾರು 60 ಕೇಜಿ ಭಾರದಲ್ಲಿ ಅದುಮಬೇಕು. 70 ಕೇಜಿ ಮನುಷ್ಯ 60 ಕೇಜಿ ಅದುಮುವುದೆಂದರೆ ಸೀಟಿನ ಮೇಲೆ ಕೂತು ಆಗುವ ಕೆಲಸವಲ್ಲ. ಎದ್ದು ನಿಂತು, ಹ್ಯಾಂಡಲ್ ಹಿಡಿದು ಜಗ್ಗಿ, ಒಂದೊಂದು ಪೆಡಲಿನ ಮೇಲೂ ಪೂರ್ತಿ ದೇಹ ಬಿಡಬೇಕು. ಕೂಡುರಸ್ತೆಯವರೆಗೆ ಹೀಗೆ ಹೋಗಬಹುದು. ಆಮೇಲೆ ಇದ್ದೇ ಇದೆಯಲ್ಲ, ಪಂಚರ್.

ಇದೇ ಜಾಗದಲ್ಲಿ ಹಿಂದಿನ 18 ತೆಗೆದು 22 ಹಲ್ಲಿನ ಫ್ರೀವೀಲು ಹಾಕಿದರೆ? 44ಕ್ಕೆ 22, ಸರಿಯಾಗಿ ಎರಡು. ಪೆಡಲ್ ಒಂದು ಸುತ್ತಿಗೆ ನಾಲ್ಕೂವರೆ ಮೀಟರ್ ಮಾತ್ರ. ಅದುಮುವ ಭಾರ 60ರಿಂದ 50ರ ಒಳಕ್ಕೆ ಇಳಿಯುತ್ತದೆ. ಪ್ರತಿ ತುಳಿತಕ್ಕೂ ಹತ್ತು ಕೇಜಿ ಅಕ್ಕಿ ಮೂಟೆಯೊಂದನ್ನು ಪೆಡಲಿನಿಂದ ಇಳಿಸಿದ ಲೆಕ್ಕ. ಒಟ್ಟು ಮಾಡುವ ಕೆಲಸ ಅಷ್ಟೇ, ಗುಡ್ಡವೇನೂ ಕುಳ್ಳಾಗುವುದಿಲ್ಲ. ಅದನ್ನೇ ಜಾಸ್ತಿ ಕಂತಿನಲ್ಲಿ ಕಟ್ಟುತ್ತೀರಿ. ಬ್ಯಾಂಕಿನಲ್ಲಿ ಜೀವಮಾನವೆಲ್ಲ ಕಂತು ಕಟ್ಟಿಸಿಕೊಂಡ ಮನುಷ್ಯನಿಗೆ ಇದನ್ನು ನಾನು ಬಿಡಿಸಿ ಹೇಳಬೇಕಾಯಿತು.

"ಎಲ್ಲ ಸರಿ, ಸ್ಪೀಡ್ ಹೋಗಿಬಿಡುತ್ತಲ್ಲಯ್ಯಾ!" ಅಂದರು ಭಾವ.

ನೋಡಿದಿರಾ, ಬಂತು. ಈ ವಿಷಯದಲ್ಲಿ ಗಂಡಸಿನ ಮರ್ಮಸ್ಥಾನ ಇದೇ. "ಯಾವ ಸ್ಪೀಡು ಭಾವ? ಗಾಂಧಿ ಬಜಾರಿಗೆ ಹೋಗಿ ಕೊತ್ತಂಬರಿ ಸೊಪ್ಪು ತರೋ ಸ್ಪೀಡಾ?" ಅಂದೆ. ಅವರು ಉತ್ತರ ಕೊಡದೆ ಪೇಪರ್ ಬಿಡಿಸಿಕೊಂಡರು.

ಭಾವನ ಪರವಾಗಿ ಒಂದು ಮಾತು ಹೇಳಬೇಕು. ಈ ಜಂಭ ಹನುಮಂತನಗರದಲ್ಲಿ ಹುಟ್ಟಿದ್ದಲ್ಲ. ಮುಂದೆ ಆಳೆತ್ತರದ ಚಕ್ರ, ಹಿಂದೆ ಪುಟಾಣಿ ಚಕ್ರ ಇರುವ ಹಳೇ ಸೈಕಲ್ಲಿನ ಚಿತ್ರ ನೋಡಿದ್ದೀರಲ್ಲ? ಅದಕ್ಕೆ ಚೈನು ಇರಲಿಲ್ಲ, ಪೆಡಲು ಮುಂದಿನ ಚಕ್ರದ ನಡುವಿಗೇ ಅಂಟಿಕೊಂಡಿತ್ತು. ಪೆಡಲ್ ಒಂದು ಸುತ್ತು, ಚಕ್ರ ಒಂದು ಸುತ್ತು. ಜೋರಾಗಿ ಹೋಗಬೇಕಾದರೆ ಇನ್ನೂ ದೊಡ್ಡ ಚಕ್ರ ಬೇಕು, ದೊಡ್ಡ ಚಕ್ರಕ್ಕೆ ಉದ್ದ ಕಾಲು ಬೇಕು. ಯಾರ ಕಾಲು ಉದ್ದವೋ ಅವನೇ ಶೂರ. ಕುಳ್ಳರ ಪಾಲಿಗೆ ದೇವರಾಗಿ ಬಂದವರು ಇಬ್ಬರು. 1880ರಲ್ಲಿ ಮ್ಯಾಂಚೆಸ್ಟರಿನ ಹಾನ್ಸ್ ರೆನಾಲ್ಡ್ ಇವತ್ತಿಗೂ ನಾವು ಬಳಸುವಂಥ ರೋಲರ್ ಚೈನು ಮಾಡಿದ. 1885ರಲ್ಲಿ ಕವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲಿ ರೋವರ್ ಎಂಬ ಸೈಕಲ್ಲಿನಲ್ಲಿ ಚೈನಿಂದ ಹಿಂದಿನ ಚಕ್ರ ತಿರುಗಿಸಿದ. ಚಕ್ರ ಎಷ್ಟು ದೊಡ್ಡದು ಅನ್ನುವುದು ಅಲ್ಲಿಗೆ ಮುಖ್ಯವಲ್ಲದೇ ಹೋಯಿತು, ಹಲ್ಲು ಎಷ್ಟು ಅನ್ನುವುದು ಮುಖ್ಯವಾಯಿತು. ಆದರೂ ಇಂಗ್ಲಿಷರು ಹಳೇ ಅಳತೆ ಬಿಡಲಿಲ್ಲ. ಯಾವ ಸೈಕಲ್ಲಾದರೂ ಆ ಕಾಲದ ಎಷ್ಟು ಇಂಚಿನ ದೊಡ್ಡ ಚಕ್ರಕ್ಕೆ ಸಮ ಅಂತ ಈಗಲೂ ಲೆಕ್ಕ ಹಾಕುತ್ತಾರೆ. 28 ಇಂಟು 44, ಭಾಗಿಸು 18, ಹೆಚ್ಚುಕಮ್ಮಿ 68. ಆ ಕಾಲದಲ್ಲಿ 60 ಇಂಚಿನ ಚಕ್ರ ತುಳಿಯಲು ಸಾಮಾನ್ಯರ ಕಾಲು ಸಾಲುತ್ತಿರಲಿಲ್ಲ. ಐದಡಿ ನಾಲ್ಕಿಂಚಿನ ನಮ್ಮ ಭಾವ 68 ಇಂಚಿನ ಚಕ್ರವನ್ನು ಗುಡ್ಡಕ್ಕೆ ಹತ್ತಿಸಲು ಹೊರಟಿದ್ದರು. ಇದನ್ನು ಕೇಳಿ ಅವರಿಗೆ ನಾಚಿಕೆಯಾಗುವುದು ಬಿಟ್ಟು ಹೆಮ್ಮೆಯಾಯಿತು.

ಇನ್ನೊಬ್ಬ ಮಹಾನುಭಾವ ಫ್ರಾನ್ಸಿನಲ್ಲಿದ್ದ, ಆನ್ರಿ ದೆಗ್ರಾಂಜ್. 1903ರಲ್ಲಿ ಟೂರ್ ಡಿ ಫ್ರಾನ್ಸ್ ಪಂದ್ಯ ಶುರುಮಾಡಿದ ಪತ್ರಿಕಾ ಸಂಪಾದಕ. ಹಲ್ಲು ಬದಲಾಯಿಸುವ ಯಂತ್ರಗಳೆಲ್ಲ 45 ದಾಟಿದವರಿಗೆ, ಗೆಲುವು ತೋಳು-ತೊಡೆಯ ಬಲದಿಂದ ಬರಬೇಕು ಅನ್ನುವುದು ಆತನ ವಾದ. ಯಂತ್ರವನ್ನು ಪಂದ್ಯದ ಹತ್ತಿರಕ್ಕೆ ಬಿಟ್ಟುಕೊಳ್ಳಲಿಲ್ಲ. ಹಾಗಂತ ಪಿರನೀಸ್, ಆಲ್ಪ್ಸ್ ಪರ್ವತಗಳು ತಗ್ಗಿ ನಿಲ್ಲುತ್ತವೆಯೇ? ಸವಾರರು ಒಂದು ಉಪಾಯ ಮಾಡಿದರು. ಹಿಂದಿನ ಚಕ್ರದ ಎಡಕ್ಕೊಂದು, ಬಲಕ್ಕೊಂದು ಹಲ್ಲುಚಕ್ರ, ಒಂದು ಬಯಲಿಗೆ, ಇನ್ನೊಂದು ಬೆಟ್ಟಕ್ಕೆ. ಬೆಟ್ಟದ ಬುಡ ಬಂದಾಗ ಇಳಿಯುವುದು, ನಟ್ಟು ಸಡಿಲಿಸುವುದು, ಚಕ್ರವನ್ನು ಹೊರಳಿಸಿ ಹಾಕುವುದು, ಚೈನು ಎಳೆದು ಬಿಗಿಮಾಡಿ ಮತ್ತೆ ಹತ್ತುವುದು. ನೆತ್ತಿಯಲ್ಲಿ ಇನ್ನೊಮ್ಮೆ ಅದೇ ಪೂಜೆ. 1927ರಲ್ಲಿ ಇಟಲಿಯ ಟುಲಿಯೊ ಕಂಪಾನ್ಯೊಲೊ ಒಂದು ಪಂದ್ಯದಲ್ಲಿ ಕ್ರೋಚೆ ದೌನೆ ಕಣಿವೆಯ ಮೇಲೆ ಹಿಮದಲ್ಲಿ ಬೆರಳು ಮರಗಟ್ಟಿ, ಆ ನಟ್ಟು ಬಿಚ್ಚಲಾಗದೆ ಪರದಾಡಿದ ಅಂತ ಒಂದು ಕಥೆ ಹೇಳುತ್ತಾರೆ. ಒಂದೇ ಎಳೆತಕ್ಕೆ ಚಕ್ರ ಕಳಚುವ ಸನ್ನೆಕಡ್ಡಿ ಅವನಿಗೆ ಹೊಳೆದದ್ದು ಆ ಸಿಟ್ಟಿನಲ್ಲಂತೆ. ಇತ್ತ ದೆಗ್ರಾಂಜ್ ಕಾಯಿಲೆ ಬಿದ್ದು 1936ರಲ್ಲಿ ಕುರ್ಚಿ ಬಿಟ್ಟ, 1937ರಲ್ಲಿ ಗೇರಿನ ಯಂತ್ರಕ್ಕೆ ಪಂದ್ಯದೊಳಗೆ ಪ್ರವೇಶ ಸಿಕ್ಕಿತು. ಹಟಮಾರಿ ಯಜಮಾನರಿರುವ ಮನೆಗೆ ಮಿಕ್ಸಿ ಬರುವುದೂ ಹೀಗೆಯೇ.

ಈ ಪುರಾಣದಲ್ಲಿ 45 ಅನ್ನುವ ಅಂಕಿಯೊಂದು ಭಾವನ ಕಿವಿಗೆ ಬಿತ್ತು. "ಅಂದ್ರೆ 45 ದಾಟಿದವರಿಗೆ ಆ ಫ್ರೆಂಚಿನವನೂ ಪರ್ಮಿಷನ್ ಕೊಟ್ಟಿದ್ದ ಅನ್ನು" ಅಂದರು. ಭಾವ ಅರವತ್ತು ದಾಟಿ ಎಷ್ಟೋ ದಿನವಾಯಿತು. ಸಾಯಂಕಾಲವೇ ಸೈಕಲ್ ಶಾಪಿಗೆ ಹೊರಟೆವು.

ನಮ್ಮ ಕಡೆಯ ಸೈಕಲ್ ಶಾಪು ಅಂದರೆ ಒಂದು ಶಟರು, ಮೇಲೆ ನೇತುಹಾಕಿದ ರಿಮ್ಮುಗಳು, ಪಂಚರ್ ನೋಡಲು ಕಪ್ಪುನೀರಿನ ತೊಟ್ಟಿ, ಹೊರಗೆ ಫುಟ್‌ಪಾತಿನಲ್ಲಿ ಒಂದು ಸ್ಟೂಲು. ಒಂದು ಕಾಲಕ್ಕೆ ಗಂಟೆ ಲೆಕ್ಕದಲ್ಲಿ ಬಾಡಿಗೆ ಸೈಕಲ್ ಕೊಡುತ್ತಿದ್ದ ಸಾಬರು ಈಗ ಸೈಕಲ್ಲಿಗಿಂತ ಸ್ಕೂಟರಿನ ಟ್ಯೂಬನ್ನೇ ಹೆಚ್ಚು ನೋಡುತ್ತಾರೆ. ಕರೀ ಸೈಕಲ್ ಕಂಡರೆ ಮಾತ್ರ ಮುಖ ಅರಳುತ್ತದೆ. "22 ಹಾಕ್ಬೇಕಾ ಸಾರ್? ಹಾಕಾಣ. 16, 18, 20, 22 ಎಲ್ಲಾ ಬರ್ತದೆ. ಆದ್ರೆ ನಮ್ಮ ಏರಿಯಾದಲ್ಲಿ ಕೇಳೋರು ಕಮ್ಮಿ ನೋಡಿ" ಅಂದರು. ಫ್ರೀವೀಲಿನ ಬೆಲೆ ಕೇಳಿದರೆ ಇಬ್ಬರು ಹೋಗಿ ಮಸಾಲೆದೋಸೆ ತಿಂದು ಕಾಫಿ ಕುಡಿದು ಬಂದಷ್ಟು. ಇಷ್ಟು ವರ್ಷ ಈ ದುಡ್ಡಿನ ಬದಲು ಭಾವ ಮೊಣಕಾಲನ್ನು ಖರ್ಚು ಮಾಡಿದ್ದರು.

"ಮುಂದಿನ ಚಕ್ರಾನೇ ಚಿಕ್ಕದು ಮಾಡಿದ್ರೆ?" ಅಂತ ಭಾವ ಬ್ಯಾಂಕಿನವರ ಪ್ರಶ್ನೆ ಹಾಕಿದರು. ಸಾಬರು ತಲೆಯಾಡಿಸಿದರು. ಕರೀ ಸೈಕಲ್ಲಿನ ಮುಂದಿನ ಹಲ್ಲುಚಕ್ರ ಬಲಗಡೆಯ ಕ್ರ್ಯಾಂಕಿಗೆ ಅಚ್ಚಾಗಿ ಕೂತಿರುತ್ತದೆ, ಎರಡನ್ನೂ ಸೇರಿಸಿಯೇ ಬದಲಾಯಿಸಬೇಕು. ಅದಕ್ಕೆ ಕಾಟರ್ ಪಿನ್ನನ್ನು ಸುತ್ತಿಗೆಯಲ್ಲಿ ಹೊಡೆದು ಎಬ್ಬಿಸಬೇಕು. ವರ್ಷಗಟ್ಟಲೆ ಕೂತ ಕಾಟರ್ ಪಿನ್ನು ಸರ್ಕಾರಿ ಕ್ವಾರ್ಟರ್ಸಿನವರಿಗಿಂತ ಗಟ್ಟಿ, ಅಷ್ಟು ಸುಲಭಕ್ಕೆ ಖಾಲಿ ಮಾಡುವುದಿಲ್ಲ. ಲೆಕ್ಕದಲ್ಲೂ ಹಿಂದಿನದೇ ಲಾಭ. ಹಿಂದೆ ಒಂದು ಹಲ್ಲು ಕೂಡಿಸಿದರೆ ಆಗುವ ವ್ಯತ್ಯಾಸಕ್ಕೆ ಮುಂದೆ ಹೆಚ್ಚುಕಮ್ಮಿ ಎರಡೂವರೆ ಹಲ್ಲು ಕಳೆಯಬೇಕು. ಅರ್ಧ ಹಲ್ಲನ್ನು ಎಲ್ಲಿಂದ ಕೀಳೋಣ?

ಹಿಂದಿನ ಚಕ್ರ ಬಿಚ್ಚುವುದು ನೋಡಲು ಕೂತರೆ ಹೊತ್ತು ಹೋಗುವುದೇ ಗೊತ್ತಾಗುವುದಿಲ್ಲ. ಮೊದಲು ಗೇರ್‌ಕೇಸಿನ ಹಿಂದಿನ ತುಂಡು, ಆಮೇಲೆ ಚೈನ್ ಲಾಕು, ಆಮೇಲೆ ಆಕ್ಸಲಿನ ಎರಡು ನಟ್ಟು, ಅವುಗಳ ಜೊತೆ ಸ್ಟ್ಯಾಂಡು, ಮಡ್‌ಗಾರ್ಡಿನ ಕಂಬಿ, ಕ್ಯಾರಿಯರಿನ ಕಾಲು, ಎಲ್ಲವೂ ಆ ಎರಡು ನಟ್ಟಿನ ಆಶ್ರಯದಲ್ಲೇ ಇದ್ದವು. ಅವಿಭಕ್ತ ಕುಟುಂಬ. ಚಕ್ರ ಹೊರಗೆ ಬಂದ ಮೇಲೆ ಫ್ರೀವೀಲಿನ ಮುಖ ಕಂಡಿತು. ಅದರ ಒಳಬಾಯಿಯಲ್ಲಿ ಎದುರುಬದುರು ಎರಡು ಕಚ್ಚು. ಅವಕ್ಕೆ ಸರಿಯಾಗಿ ಎರಡು ಮೂತಿ ಇರುವ ಕಬ್ಬಿಣದ ತುಂಡೊಂದನ್ನು ಸಾಬರು ವೈಸಿಗೆ ಸಿಕ್ಕಿಸಿ ಬಿಗಿದರು, ಚಕ್ರವನ್ನು ಅದರ ಮೇಲೆ ಮಲಗಿಸಿ ಕಚ್ಚು ಕೂರಿಸಿದರು, ರಿಮ್ಮಿನ ಎರಡೂ ಕಡೆ ಹಿಡಿದು ಎಡಕ್ಕೆ ತಿರುಗಿಸಿದರು. ಜಗ್ಗಲಿಲ್ಲ. ಸೀಮೆಎಣ್ಣೆ ಬಿಟ್ಟು, ಒಂದು ಟೀ ಕುಡಿದು, ಮತ್ತೆ ಹಿಡಿದರು. ಜಗ್ಗಲಿಲ್ಲ. ಫ್ರೀವೀಲು ಕೂರುವುದು ಸಾದಾ ಥ್ರೆಡ್ಡಿನ ಮೇಲೆ. ನಾವು ಒಂದೊಂದು ಸಲ ತುಳಿದಾಗಲೂ ಅದು ಇನ್ನಷ್ಟು ಬಿಗಿಯುತ್ತದೆ, ಏರಿನಲ್ಲಿ ತುಳಿದರೆ ಇನ್ನೂ ಜಾಸ್ತಿ.

"ಸಾರ್ ದಿಬ್ಬದಲ್ಲಿ ಚೆನ್ನಾಗೇ ತುಳಿದಿದಾರೆ" ಅಂದರು ಸಾಬರು, ಮೂರನೇ ಸಲ ಹಿಡಿಯುತ್ತಾ.

ಭಾವ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು. ಇಷ್ಟು ವರ್ಷದಲ್ಲಿ ಅವರ ಪರವಾಗಿ ಸಿಕ್ಕ ಮೊದಲ ಸಾಕ್ಷಿ, ಅದೂ ವೈಸಿನಲ್ಲಿ ಕಚ್ಚಿಕೊಂಡ ಸಾಕ್ಷಿ. ಆಗ ಫಟ್ ಅಂತ ಒಂದು ಸದ್ದು, ಚಕ್ರ ಕಾಲುಸುತ್ತು ತಿರುಗಿತು. ಮಿಕ್ಕಿದ್ದು ಕೈಬೆರಳಲ್ಲೇ ಬಿಚ್ಚಿ ಬಂತು. ಹೊಸದನ್ನು ಹಾಕುವ ಮುಂಚೆ ಸಾಬರು ಥ್ರೆಡ್ಡಿಗೆ ಧಾರಾಳವಾಗಿ ಗ್ರೀಸ್ ಹಚ್ಚಿದರು. ಮುಂದಿನ ಸಲ ಬಿಚ್ಚುವವರ ಪುಣ್ಯಕ್ಕೆ ಅಂತೆ.

ಇನ್ನು ಚೈನು. ಲೋಕದ ಯಾವ ಮೂಲೆಯ ಸೈಕಲ್ ಚೈನನ್ನು ನೋಡಿದರೂ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಅರ್ಧ ಇಂಚು, 24 ಕೊಂಡಿಗೆ ಸರಿಯಾಗಿ 12 ಇಂಚು. ಸಾಬರು ಸ್ಕೇಲ್ ಇಟ್ಟರೆ ಭಾವನ ಚೈನು 12 ದಾಟಿ ಆಚೆಗೆ ಹೋಗಿತ್ತು. ಹಾಗೆ ಸವೆದು ಉದ್ದವಾದ ಚೈನನ್ನು ಹೊಸ ಹಲ್ಲಿನ ಮೇಲೆ ಕೂರಿಸಿದರೆ ಹೊಂದುವುದಿಲ್ಲ. ಸರಿಯಾಗಿ ಏರಿನ ನಡುವೆ, ನೀವು ಎದ್ದು ನಿಂತು ಮೈಯೆಲ್ಲ ಬಿಟ್ಟಾಗಲೇ ಟಕ್ ಅಂತ ಹಲ್ಲು ಹಾರುತ್ತದೆ. ಆಗ ಗಂಡಸರು ಬಾರಿನ ಮೇಲೆ ಕೂರುವ ಬಗೆಯನ್ನು ಇಲ್ಲಿ ವರ್ಣಿಸುವುದು ಬೇಡ. ಆದ್ದರಿಂದ ಹೊಸ ಚೈನು. 22 ಹಲ್ಲಿನ ಮೇಲೆ ಚೈನು ಸುತ್ತಿಕೊಳ್ಳುವುದು ಅದರ ಅರ್ಧಕ್ಕೆ ಮಾತ್ರ. ಹೀಗಾಗಿ ನಾಲ್ಕು ಹಲ್ಲು ಹೆಚ್ಚಾದರೆ ಎರಡು ಕೊಂಡಿ, ಅಂದರೆ ಒಂದು ಇಂಚು ಚೈನು ಜಾಸ್ತಿ ಬೇಕು. ಇಲ್ಲವೇ ಚಕ್ರವನ್ನು ಅರ್ಧ ಇಂಚು ಮುಂದಕ್ಕೆ ಸರಿಸಬೇಕು. ಸರಿಸಿದರೆ ಕಂಬಿ ಬ್ರೇಕಿನ ರಬ್ಬರು ರಿಮ್ಮಿನಿಂದ ದೂರವಾಗುತ್ತದೆ, ಬ್ರೇಕು ಮತ್ತೆ ಬಿಗಿಮಾಡಬೇಕು. ಇದನ್ನು ಮರೆತವರು ಹನುಮಂತನಗರದಿಂದ ಹೊರಟರೆ ಇಳಿಜಾರಿನ ಕೊನೆಯವರೆಗೂ ಯಾವ ಸ್ಟಾಪೂ ಇಲ್ಲ. ಸಾಬರು ಒಂದು ಜೊತೆ ಕೊಂಡಿ ಜಾಸ್ತಿ ಬಿಟ್ಟು ಚೈನು ಕತ್ತರಿಸಿದರು. ಚೈನ್ ಲಾಕಿನ ಕ್ಲಿಪ್ಪನ್ನು ಅದರ ಮುಚ್ಚಿದ ಮೂತಿ ಚೈನು ಓಡುವ ದಿಕ್ಕಿಗೆ ಬರುವಂತೆ ಸಿಕ್ಕಿಸಿದರು; ಉಲ್ಟಾ ಹಾಕಿದರೆ ಎಲ್ಲಾದರೂ ತಗುಲಿ ಹಾರಿಹೋಗುತ್ತದೆ. ಗೇರ್‌ಕೇಸಿಗೆ ಹೊಸ ಫ್ರೀವೀಲು ಸರಸರ ಉಜ್ಜಿತು. ಅದನ್ನು ಒಂದು ಕಡೆ ಹೊಡೆದು ಉಬ್ಬಿಸಿದರು. ಉಬ್ಬಿದ್ದು ಈಗಲೂ ಕಾಣುತ್ತದೆ, ಭಾವ ಅದನ್ನು ಬಂದವರಿಗೆಲ್ಲ ತೋರಿಸುತ್ತಾರೆ.

ಏರು ಹತ್ತಿದರಾ ಅಂತ ಕೇಳುತ್ತೀರಿ. ಹತ್ತಿದರು. ಕೂತೇ ಹತ್ತಿದರು. ನಿಧಾನವಾಗಿ, ಮೂಗಿನಲ್ಲಿ ಒಂದು ಹಾಡು ಗುನುಗುತ್ತಾ ಹತ್ತಿದರು. ಮೆಚ್ಚಬೇಕಾದ್ದೇ. ತೊಂದರೆ ಶುರುವಾದದ್ದು ಸಮರಸ್ತೆಯಲ್ಲಿ. ಮೊದಲು ನಿಮಿಷಕ್ಕೆ 60 ಸುತ್ತಿಗೆ ಹೋಗುತ್ತಿದ್ದ ವೇಗಕ್ಕೆ ಈಗ 73 ಸುತ್ತು ತುಳಿಯಬೇಕು. ಸೈಕಲ್ ಪಂದ್ಯದವರಿಗೆ 73 ಅಂದರೆ ನಿದ್ದೆ. ಭಾವನಿಗೆ ಅದು ಅವಸರ ಅನ್ನಿಸಿತು. ಹಳೇ ಹದದಲ್ಲೇ 60 ತುಳಿದರೆ ಗಂಟೆಗೆ 16 ಕಿಲೋಮೀಟರು. ಯೂನಿಫಾರಂ ಹಾಕಿದ ಹುಡುಗಿಯರ ಒಂದು ಗುಂಪು ನಗುತ್ತಾ, ಮಾತಾಡುತ್ತಾ ಭಾವನನ್ನು ದಾಟಿಕೊಂಡು ಹೋಯಿತು. ಅವರು ತುಳಿಯುತ್ತಿದ್ದದ್ದೂ ಗೇರಿಲ್ಲದ ಸೈಕಲ್ಲೇ.

ಆ ಮಕ್ಕಳ ಮಾತು ಬಂದದ್ದು ಒಳ್ಳೆಯದಾಯಿತು. 2006-07ರಲ್ಲಿ ನಮ್ಮ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ತಂದಿತು. ಒಳ್ಳೆಯ ಯೋಜನೆ, ಎಷ್ಟೋ ಹೆಣ್ಣುಮಕ್ಕಳು ಹೈಸ್ಕೂಲಿನ ಬಾಗಿಲು ಕಂಡದ್ದು ಅದರ ಮೇಲೆ ಕೂತು. ಆದರೆ ರಾಯಚೂರಿನ ಬಯಲಿಗೂ ಮಡಿಕೇರಿಯ ಏರಿಗೂ ಹೋದದ್ದು ಗೇರಿಲ್ಲದ ಅದೇ ಬಗೆಯ ಸೈಕಲ್ಲು. ರಾಯಚೂರಿನ ಹುಡುಗಿಗೆ ಎದುರುಗಾಳಿ ಬಿಟ್ಟರೆ ಬೇರೆ ಶತ್ರುವಿಲ್ಲ. ಮಡಿಕೇರಿಯ ಹುಡುಗಿಗೆ ಮನೆ ಗೇಟು ದಾಟಿದರೆ ಶತ್ರು. ಸೈಕಲ್ ಕೊಡುವವರು ಮಲೆನಾಡಿನ ತಾಲ್ಲೂಕುಗಳಿಗೆ ಹಿಂದೆ ನಾಲ್ಕು ಹಲ್ಲು ಜಾಸ್ತಿ ಹಾಕಿ ಕಳಿಸಿದ್ದರೆ ಖಜಾನೆಯೇನೂ ಮುಳುಗುತ್ತಿರಲಿಲ್ಲ. ಇದೊಂದು ಮಾತನ್ನು ನಾನು ತಮಾಷೆಗೆ ಹೇಳುತ್ತಿಲ್ಲ.

ಇನ್ನು ಕೆಲವರಿಗೆ ಹಲ್ಲು ಬಾಯಿತುಂಬ ಇದೆ, ಅಗಿಯುವುದು ಗೊತ್ತಿಲ್ಲ. ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ನಿಂತಿರುತ್ತವಲ್ಲ, ಮುಂದೆ 3, ಹಿಂದೆ 7, ಒಟ್ಟು 21 ಗೇರಿನ ಸೈಕಲ್ಲುಗಳು. ಯಜಮಾನರು ಯಾವುದೋ ಒಂದರಲ್ಲಿ ಇಟ್ಟವರು ಇನ್ನೊಂದನ್ನು ಮುಟ್ಟುವುದಿಲ್ಲ, ಮುಟ್ಟಿದರೆ ಕಟಕಟ ಅನ್ನುತ್ತದೆ ಅಂತ ಹೆದರಿಕೆ. 20 ಗೇರು ಪ್ಲಾಸ್ಟಿಕ್ ಕವರಿನ ಸಮೇತ ಬೆಚ್ಚಗಿವೆ. ಅವರ ಮಕ್ಕಳು ಇನ್ನೂ ಮುಂದೆ ಹೋಗಿ ಬಣ್ಣದ ರಿಮ್ಮಿನ, ಗೇರೇ ಇಲ್ಲದ ಸಿಂಗಲ್ ಸ್ಪೀಡ್ ಸೈಕಲ್ಲು ತರುತ್ತಾರೆ. ಅದಕ್ಕೆ ಭಾವನ ಸೈಕಲ್ಲಿನ ಹತ್ತರಷ್ಟು ಬೆಲೆ. ಏನೇನಿಲ್ಲ ಅನ್ನುವುದನ್ನು ಪಟ್ಟಿಮಾಡಿ ಹೇಳಿ ಅಷ್ಟಕ್ಕೂ ದುಡ್ಡು ತೆಗೆದುಕೊಂಡಿದ್ದಾರೆ.

ಈ ವಿದ್ಯೆಯಲ್ಲಿ ನಿಜವಾದ ಪಂಡಿತ ಬೀದಿಯಲ್ಲಿ ಚಾಕು-ಕತ್ತರಿಗೆ ಸಾಣೆ ಹಿಡಿಯುವವನು. ಅವನ ಸೈಕಲ್ಲು ಸ್ಟ್ಯಾಂಡಿನ ಮೇಲೆ ನಿಂತಿರುತ್ತದೆ. ಅವನಿಗೆ ಏರೂ ಇಲ್ಲ, ಇಳಿಜಾರೂ ಇಲ್ಲ. ದೊಡ್ಡ ಚಕ್ರದಿಂದ ಪುಟ್ಟ ಗಾಲಿಗೆ ಪಟ್ಟಿ ಎಳೆದಿದ್ದಾನೆ, ಅವನ ಕಾಲು ಒಂದು ಸುತ್ತು ಬರುವಷ್ಟರಲ್ಲಿ ಸಾಣೆಕಲ್ಲು ಎಷ್ಟೋ ಸುತ್ತು ಹೊಡೆದಿರುತ್ತದೆ. ಯಾವ ಕೆಲಸಕ್ಕೆ ಎಷ್ಟು ಸುತ್ತು ಬೇಕು ಅಂತ ಅವನಿಗೆ ಯಾರೂ ಫಾರ್ಮುಲಾ ಕಲಿಸಿಲ್ಲ. ನಮ್ಮ ಅಕ್ಕನ ಈಳಿಗೆಮಣೆ ನೋಡಿದ ತಕ್ಷಣ "ಇದಕ್ಕೆ ಸ್ವಲ್ಪ ನಿಧಾನ ತುಳೀಬೇಕು ಅಮ್ಮಾ" ಅನ್ನುತ್ತಾನೆ.

ಭಾವನ 22 ಬಹಳ ದಿನ ಬಾಳಲಿಲ್ಲ. ಹುಡುಗಿಯರು ದಾಟಿಕೊಂಡು ಹೋದದ್ದು ಒಳಗೆ ಕೊರೆಯುತ್ತಿತ್ತು. ಹಾಗಂತ ಬಾಯಿಬಿಟ್ಟು ಹೇಳುವವರಲ್ಲ. "ಮೊಣಕಾಲಿಗೆ ಎಕ್ಸರ್‌ಸೈಜ್ ಸಾಲದು ಅನ್ನಿಸ್ತಿದೆ ಕಣಯ್ಯಾ" ಅಂತ ಶುರು ಮಾಡಿದರು. ಮತ್ತೆ ಸಾಬರ ಅಂಗಡಿಗೆ ಹೋದೆವು. ಅವರು ನಮ್ಮನ್ನು ಕಂಡವರೇ ಏನೂ ಕೇಳದೆ ಮೊಳೆಗೆ ನೇತುಹಾಕಿದ್ದ 20 ಹಲ್ಲಿನ ಫ್ರೀವೀಲನ್ನು ಇಳಿಸಿ ಸ್ಟೂಲಿನ ಮೇಲಿಟ್ಟರು.

"ಇದೇ ಬೇಕು ಅಂತ ನಿಮಗೆ ಹೇಗೆ ಗೊತ್ತಾಯ್ತು?" ಅಂದರು ಭಾವ.

"22 ಹಾಕಿಸ್ಕೊಂಡೋರೆಲ್ಲ ವಾಪಸ್ ಬಂದು 20 ಹಾಕಿಸ್ಕೋತಾರೆ ಸಾರ್. ಮೊದಲೇ 20 ಹಾಕಿ ಅಂದ್ರೆ ಯಾರೂ ಕೇಳಲ್ಲ."

ಗ್ರೀಸ್ ಹಚ್ಚಿದ್ದರಿಂದ 22 ಈ ಸಲ ಒಂದೇ ಹಿಡಿತಕ್ಕೆ ಬಿಚ್ಚಿಕೊಂಡಿತು. ಚಕ್ರ ಕಾಲು ಇಂಚು ಹಿಂದಕ್ಕೆ ಸರಿಯಿತು, ಚೈನು ಹಾಗೇ ಉಳಿಯಿತು. ಪೆಡಲ್ ಒಂದು ಸುತ್ತಿಗೆ ಈಗ 4.9 ಮೀಟರ್. ಏರಿನಲ್ಲಿ ಒಂಚೂರು ಏದುಸಿರು, ಸಮರಸ್ತೆಯಲ್ಲಿ ಒಂಚೂರು ಗತ್ತು. ಬೆಳಗಿನ ಹೊತ್ತು ಪಾರ್ಕಿನ ಬೆಂಚಿನಲ್ಲಿ ಕೂತ ರಿಟೈರ್ಡ್ ಮಂಡಲಿಗೆ ಭಾವ ಈಗ 44ಕ್ಕೆ 20ರ ಮೇಲೆ ಉಪನ್ಯಾಸ ಕೊಡುತ್ತಾರೆ. ಫ್ರೆಂಚಿನವನು, ಇಟಲಿಯವನು, ಹಿಮ, ಬೆರಳು ಎಲ್ಲವೂ ಅದರಲ್ಲಿ ಬರುತ್ತವೆ. 20 ಮಾತ್ರ ಅವರದೇ ಸಂಶೋಧನೆಯಂತೆ.

ಬಿಚ್ಚಿದ 22ನ್ನು ಸಾಬರು ಪೇಪರಿನಲ್ಲಿ ಸುತ್ತಿಕೊಡಲು ಹೋದರು. ಭಾವ ಬೇಡ ಅಂದರು. ಸಾಬರು ಅದನ್ನು ಒರೆಸಿ ಮತ್ತೆ ಮೊಳೆಗೆ ನೇತುಹಾಕಿ, "ಪರವಾಗಿಲ್ಲ ಸಾರ್, ಇಲ್ಲೇ ಇರ್ಲಿ, ಎಪ್ಪತ್ತಾದಾಗ ಬನ್ನಿ" ಅಂದರು.